ಶಾಲುಬಾಯಿಯ ನಡುಗುವ ಪಾಕ

ಭಾತಂಬ್ರಾ ಎಂಬುದು ದಾರಿ ಗೊತ್ತಿಲ್ಲದವನೂ ಕೈ ಎತ್ತಿ ದಾರಿ ತೋರಿಸುವ ಊರು. ಕೇಳಿದ ಮಾತಿಗೆ ಉತ್ತರ ತಿಳಿಯದಿದ್ದರೆ ಅಲ್ಲಿಯ ಜನ ಏನಾದರೊಂದು ಹೇಳಿ ಮರ್ಯಾದೆ ಉಳಿಸಿಕೊಳ್ಳುತ್ತಿದ್ದರೇ ಹೊರತು ಬಾಯಿ ಮುಚ್ಚಿಕೊಂಡವರಲ್ಲ. ಅಂಥ ಊರಿನಲ್ಲಿ "ನನಗ ಗೊತ್ತಿಲ್ಲರಿ" ಎಂದು ನಾಲ್ಕು ಜನರ ಮುಂದೆ ಹೇಳುತ್ತಿದ್ದ ಹೆಂಗಸು ಒಬ್ಬಳೇ ಇದ್ದಳು. ಅವಳು ವೈಜಿನಾಥನ ಹೆಂಡತಿ ಶಾಲುಬಾಯಿ. ಆ ಒಂದು ಮಾತು ಅವಳ ಮಾನವನ್ನೇ ಕಳೆದುಬಿಡುವುದರಲ್ಲಿತ್ತು.

ಅವಳ ತವರು ಔರಾದ. ನಿಜಾಮರ ರಾಜ್ಯದಲ್ಲಿ ಮೂರು ಭಾಷೆ ಕೂಡುವ ಊರು. ಅಪ್ಪನ ಕಿರಾಣಿ ಅಂಗಡಿಗೆ ಕನ್ನಡದವರು, ಮರಾಠಿಯವರು, ತೆಲುಗಿನವರು ಎಲ್ಲರೂ ಬರುತ್ತಿದ್ದರು. ಹುಡುಗಿ ಅಂಗಡಿಯ ಕಟ್ಟೆಯ ಮೇಲೆ ಕೂತು ಮೂರೂ ಮಾತಿನಲ್ಲಿ 'ಯಾಕೆ' ಎಂದು ಕೇಳುವುದನ್ನು ಕಲಿತಳು. ಮಳೆಗಾಲದಲ್ಲಿ ಬೆಲ್ಲ ಯಾಕೆ ನೀರೊಡೆಯುತ್ತದೆ? ಅಕ್ಕಿಗೆ ಹುಳ ಎಲ್ಲಿಂದ ಬರುತ್ತದೆ? ಕೆಲವಕ್ಕೆ ಅಪ್ಪ ಉತ್ತರ ಹೇಳುತ್ತಿದ್ದ. ಉಳಿದವಕ್ಕೆ ಒಂದು ತುಂಡು ಬೆಲ್ಲ ಬಾಯಿಗಿಟ್ಟು ಒಳಗೆ ಕಳಿಸುತ್ತಿದ್ದ. ಮದುವೆಯಾಗಿ ಭಾತಂಬ್ರಾಕ್ಕೆ ಬಂದ ಮೇಲೆ ಬೆಲ್ಲ ಕೊಟ್ಟು ಸಮಾಧಾನ ಮಾಡುವವರು ಇರಲಿಲ್ಲ. ಕೇಳುವ ಚಟ ಮಾತ್ರ ಹಾಗೇ ಉಳಿಯಿತು.

ಅತ್ತೆ ಗುರಮ್ಮ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅತ್ತೆ ಎಂದ ಕೂಡಲೇ ಕೇಳುವವರ ಹುಬ್ಬು ಗಂಟಾಗುತ್ತದೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಹೊಲ ಬಾವಿ ನೋಡಿಕೊಂಡು, ಮಗನನ್ನು ದೊಡ್ಡವನನ್ನಾಗಿ ಮಾಡಿದ ಗಟ್ಟಿ ಹೆಂಗಸು. ಬೆಳಗಾದರೆ ಸ್ನಾನ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ, ಅದಾದ ಮೇಲೆ ಅಡಿಗೆಮನೆಗೆ ಬಂದು ಒಲೆಗೆ ವಿಭೂತಿ ಹಚ್ಚುವುದು. ಲಿಂಗಕ್ಕೆ ತೋರಿಸದೆ ಒಂದು ಗುಟುಕು ನೀರನ್ನೂ ಅವಳು ಕುಡಿದವಳಲ್ಲ. ಲಿಂಗವಿಲ್ಲದವರ ಮನೆಯ ಅಡಿಗೆ ಎಂದರೆ, ಅದು ಎಷ್ಟೇ ದೊಡ್ಡ ಮನೆಯಿರಲಿ, ಅವಳಿಗೆ ಅಡಿಗೆಯೇ ಅಲ್ಲ.

ವೈಜಿನಾಥನ ಬಾವಿಯ ಸುತ್ತ ದಾಳಿಂಬೆ ಗಿಡಗಳಿದ್ದವು. ಹಣ್ಣು ಬೀದರಿಗೆ ಹೋಗುತ್ತಿತ್ತು. ಅಲ್ಲಿ ಮೈಲೂರಿನ ಮುನವ್ವರ ಬೇಗಂ ಅವನಿಗೆ ಕಾಯಂ ಗಿರಾಕಿ. ಅವಳ ಗಂಡ ಸರಕಾರದ ಕಚೇರಿಯಲ್ಲಿ ದೊಡ್ಡ ಕೆಲಸದಲ್ಲಿದ್ದು ಪಿಂಚಣಿ ಪಡೆದವನು. ಒಂದು ವರ್ಷ ಹಣ್ಣು ಬಣ್ಣ ತಿರುಗುವ ಹೊತ್ತಿಗೆ ಅಕಾಲದ ಮಳೆ ಹೊಡೆದು ಗಿಡದ ಮೇಲೆಯೇ ಹಣ್ಣುಗಳೆಲ್ಲ ಸೀಳಿದವು. ಬಾಯಿಬಿಟ್ಟ ಹಣ್ಣನ್ನು ಪೇಟೆಯಲ್ಲಿ ಯಾರು ಮೂಸುತ್ತಾರೆ? ಗಂಡನ ಜೊತೆ ಬೀದರಿಗೆ ಹೋಗಿದ್ದ ಶಾಲುಬಾಯಿ ಬೇಗಂಳ ಅಂಗಳದಲ್ಲಿ ಬುಟ್ಟಿ ಇಳಿಸಿ, ಮುಖ ಸಣ್ಣ ಮಾಡಿಕೊಂಡು ನಿಂತಳು.

"ಅನಾರ ಒಡೆದ್ರೆ ಏನಾಯ್ತು ಬೇಟಿ, ರಸ ಎಲ್ಲಿ ಹೋಗೇದ?" ಎಂದಳು ಬೇಗಂ. "ಜೆಲ್ಲಿ ಮಾಡು."

ಜೆಲ್ಲಿ ಎಂಬುದನ್ನು ಬೇಗಂ ಹೈದರಾಬಾದಿನ ತನ್ನ ಅತ್ತಿಗೆಯಿಂದ ಕಲಿತಿದ್ದಳು, ಅದೂ ಪೇರಲ ಹಣ್ಣಿನದು. ಹಣ್ಣು ಬೇಯಿಸಬೇಕು. ತೆಳ್ಳನೆಯ ಮಲ್ಮಲ್ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಬೇಕು. ಹಿಂಡಬಾರದು, ಹಿಂಡಿದರೆ ರಸ ಕದಡುತ್ತದೆ. ತಾನಾಗಿ ತೊಟ್ಟಿಕ್ಕಿದ್ದಷ್ಟೇ ನಮ್ಮದು. ಆ ರಸಕ್ಕೆ ಸಕ್ಕರೆ, ಲಿಂಬೆಹುಳಿ ಹಾಕಿ ಕುದಿಸಿ ಆರಲು ಬಿಟ್ಟರೆ ಗಟ್ಟಿಯಾಗಿ ನಿಲ್ಲುತ್ತದೆ. ಬೇಗಂ ಒಂದು ಬಟ್ಟಲು ತಂದು ಅಲುಗಾಡಿಸಿ ತೋರಿಸಿದಳು. ಒಳಗಿನದು ಗಾಜಿನಂತೆ ತಿಳಿಯಾಗಿ, ಗಡಗಡ ನಡುಗಿತು. ಶಾಲುಬಾಯಿ ಕಣ್ಣರಳಿಸಿ, "ಯಾಕ ನಡಗ್ತದ್ರಿ ಇದು?" ಎಂದಳು. ಬೇಗಂಗೂ ಅದು ಗೊತ್ತಿರಲಿಲ್ಲ.

"ಅನಾರದಿಂದ ನಾನು ಮಾಡಿಲ್ಲ. ನೀನು ಮಾಡಿ ನೋಡು," ಎಂದು ಹೇಳಿ ಮಲ್ಮಲ್ ತುಂಡೊಂದನ್ನು ಕೊಟ್ಟು ಕಳಿಸಿದಳು.

ಊರಿಗೆ ಬಂದು ಶಾಲುಬಾಯಿ ಹಾಗೇ ಮಾಡಿದಳು. ಕಾಳು ಬಿಡಿಸಿ, ಜಜ್ಜಿ, ಒಲೆಯ ಮೇಲಿಟ್ಟು, ಅದು ಕುದಿಯುವಷ್ಟರಲ್ಲಿ ಬಾವಿಯಿಂದ ನೀರು ತಂದಳು. ಸೋಸಿದ ಮೇಲೆ ಉಳಿದ ಬೀಜ ಸಿಪ್ಪೆಯನ್ನು ತಿಪ್ಪೆಗೆ ಚೆಲ್ಲಿದಳು. ಸಕ್ಕರೆ ಹಾಕಿ ಕುದಿಸಿ ಬಟ್ಟಲಿಗೆ ಸುರಿದಳು. ಸಂಜೆ ಹೊತ್ತಿಗೆ ಬಟ್ಟಲಲ್ಲಿ ಕೆಂಪಗೆ, ಕಣ್ಣಿಗೆ ಹಬ್ಬವಾಗುವ ಹಾಗೆ ಪಾಕ ಗಟ್ಟಿಯಾಗಿ ನಿಂತಿತ್ತು. ಮಕ್ಕಳು ಬಟ್ಟಲನ್ನು ಅಲುಗಾಡಿಸಿ ಅಲುಗಾಡಿಸಿ ನಕ್ಕರು. ಊರು ಅದಕ್ಕೆ ನಡುಗುವ ಪಾಕ ಎಂದು ಹೆಸರಿಟ್ಟಿತು.

ಮುಂದಿನ ಎರಡು ಸುಗ್ಗಿಯಲ್ಲೂ ಅವಳು ಮಾಡಿದ್ದೆಲ್ಲ ನಿಂತಿತು. ಒಂದು ಸಲಕ್ಕೆ ಒಂದೇ ಪಾತ್ರೆ, ಹೆಚ್ಚಿಗೆ ಸುರಿದರೆ ಕುದಿಯುವುದು ತಡವಾಗಿ ಬಣ್ಣ ಕಂದುತ್ತಿತ್ತು. ಸಣ್ಣ ಸಣ್ಣ ಭರಣಿಗಳಲ್ಲಿ ಪಾಕ ಭಾಲ್ಕಿಯ ಸಾವುಕಾರರ ಮನೆಗಳಿಗೂ ಬೀದರಿನ ಬೇಗಂಳ ಮನೆಗೂ ಹೋಯಿತು. ಮಠದ ಅಯ್ಯನವರು ತಿಂದು, "ಈ ಹುಡುಗಿ ಕೈಯಾಗ ಗುಣ ಅದ" ಎಂದರು. ಕೈಗುಣ! ಯಾವುದಕ್ಕೂ ಕಾರಣ ಕೇಳುವ ಶಾಲುಬಾಯಿ ಈ ಒಂದಕ್ಕೆ ಮಾತ್ರ ಕಾರಣ ಕೇಳಲಿಲ್ಲ. ಹೊಗಳಿಕೆಗೆ ಯಾರು ತಾನೇ ಕಾರಣ ಕೇಳುತ್ತಾರೆ? ನೀರಿನ ಕೊಡ ಇಳಿಸುವಾಗ ಒಮ್ಮೊಮ್ಮೆ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದಳಷ್ಟೆ.

ನಾಲ್ಕನೆಯ ಸುಗ್ಗಿಗೆ ಬೇಗಂಳ ಮನೆಗೆ ಹೈದರಾಬಾದಿನಿಂದ ಅದೇ ಅತ್ತಿಗೆ ಬಂದಳು. ದಾಳಿಂಬೆಯಿಂದ ಜೆಲ್ಲಿ ಆಗುತ್ತದೆ ಎಂದರೆ ಅವಳು ನಂಬಲಿಲ್ಲ. ಬೇಗಂ ಮಾತಿಗೆ ಬಿದ್ದು, "ಕಣ್ಣ ಮುಂದೆಯೇ ಮಾಡಿಸುತ್ತೇನೆ" ಎಂದು ಶಾಲುಬಾಯಿಗೆ ಹೇಳಿಕಳಿಸಿದಳು. ಶಾಲುಬಾಯಿ ಊರಿನ ಗಾಡಿಯವ ಪಂಢರಿಯ ಎತ್ತಿನ ಗಾಡಿ ಹತ್ತಿದಳು. ಗುರಮ್ಮನ ಸೊಸೆ ತುರುಕರ ಅಡಿಗೆಮನೆಯೊಳಗೆ ಹೋಗುವುದುಂಟೆ? ತನ್ನ ಪಾತ್ರೆ, ತನ್ನ ಸೌಟು ಗಾಡಿಯಲ್ಲಿ ಹೇರಿಕೊಂಡು ಹೋಗಿ, ಬೇಗಂಳ ಅಂಗಳದಲ್ಲಿ ಮೂರು ಕಲ್ಲು ಹೂಡಿದಳು. ಬೇಗಂ ಬೇಸರಪಡಲಿಲ್ಲ. ಅಂಥ ಕಟ್ಟುಪಾಡುಗಳು ಆ ಮನೆಯಲ್ಲೂ ಇದ್ದವು.

ಬೇಯಿಸಿದಳು, ಸೋಸಿದಳು, ಕುದಿಸಿದಳು. ಸಂಜೆಯವರೆಗೆ ಕಾದರು. ಬಟ್ಟಲು ಓರೆ ಮಾಡಿದರೆ ಪಾಕ ಶರಬತ್ತಿನಂತೆ ಹರಿಯಿತು.

ಅತ್ತಿಗೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಶಾಲುಬಾಯಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಬೀದರಿನ ನೀರು ಒಗ್ಗಲಿಲ್ಲವೇನೋ ಎಂದುಕೊಂಡು ಊರಿಗೆ ಹೋಗಿ, ಮತ್ತೆ ಬರುವಾಗ ಬಾವಿಯ ನೀರನ್ನು ಕೊಡದಲ್ಲಿ ತುಂಬಿ ತಂದಳು. ಕಟ್ಟಿಗೆಯನ್ನೂ ಊರಿಂದಲೇ ತಂದಳು. ಪಂಢರಿ, "ಇನ್ನ ಮಣ್ಣೊಂದು ಉಳೀತ ನೋಡ್ರಿ ವಯಿನಿ, ಅದನ್ನೂ ಹೇರಿಬಿಡ್ಲೇನು?" ಎಂದು ಚೇಷ್ಟೆ ಮಾಡಿದ. ಎರಡನೆಯ ಸಲವೂ ಪಾಕ ನಿಲ್ಲಲಿಲ್ಲ. ನೀರು ಅದೇ, ಕಟ್ಟಿಗೆ ಅದೇ, ಹಣ್ಣು ಅದೇ ಗಿಡದ್ದು, ಕೈ ಇದೇ. ಮತ್ತೆ ಬೇರೆ ಏನು? ಬೇಗಂ ಸಮಾಧಾನ ಹೇಳಿದಳು. ಶಾಲುಬಾಯಿಯ ಕಿವಿಗೆ ಅದು ಬೀಳಲೇ ಇಲ್ಲ.

ಆಗ ಬಾಯಿ ತೆರೆದವಳು ಬೇಗಂಳ ಮನೆಯ ಮುದಿ ಅಡಿಗೆಯವಳು ಕುಲಸುಮಬೀ. ಅವಳ ಮನಸ್ಸಿನಲ್ಲಿ ಹಗೆ ಇರಲಿಲ್ಲ, ಜಾಣೆಯನ್ನು ಜಾಣೆ ಮೆಚ್ಚುವಂತೆ ಕಣ್ಣು ಮಿಟುಕಿಸಿ ಹೇಳಿದಳು: "ಶಾಲೂಬಾಯಿ, ನಮ್ಮ ಮುಂದ ಯಾಕ ಮುಚ್ಚಿಡ್ತಿ? ಹೈದರಾಬಾದದಾಗ ದೊಡ್ಡ ದೊಡ್ಡ ಅಡಿಗಿ ಬವರ್ಚಿಗಳು ಸರೇಸ ಹಾಕಿ ನಿಲ್ಲಸ್ತಾರ. ಮನ್ಯಾಗ ಹಾಕ್ತಿ, ಇಲ್ಲಿ ನಾವು ನೋಡ್ತೇವಂತ ಹಾಕಂಗಿಲ್ಲ. ಹೌದಿಲ್ಲೋ?"

ಸರೇಸ ಎಂದರೆ ಎಲುಬು, ಚರ್ಮ ಬೇಯಿಸಿ ಮಾಡುವ ಅಂಟು. ಬಡಿಗರು ಕಟ್ಟಿಗೆಗೆ ಕಟ್ಟಿಗೆ ಅಂಟಿಸುವುದು ಅದರಿಂದಲೇ. ಲಿಂಗ ಕಟ್ಟಿದ ಹೆಂಗಸಿನ ಪಾತ್ರೆಯಲ್ಲಿ ಎಲುಬಿನ ಅಂಟು! ಶಾಲುಬಾಯಿ ಬೆಂಕಿ ತುಳಿದವಳಂತೆ ಹಾರಿಬಿದ್ದು, "ಇಲ್ರಿ! ಆಣಿ ಮಾಡಿ ಹೇಳ್ತೇನಿ, ಇಲ್ರಿ!" ಎಂದಳು.

"ಮತ್ತ ಅಲ್ಲಿ ಹ್ಯಾಂಗ ನಿಲ್ತದ?"

"ನನಗ ಗೊತ್ತಿಲ್ಲರಿ."

ಗಾಡಿಯ ಹತ್ತಿರ ನಿಂತಿದ್ದ ಪಂಢರಿ ಇದಿಷ್ಟನ್ನೂ ಕೇಳಿಸಿಕೊಂಡ. ಅವನೂ ಕೆಟ್ಟವನಲ್ಲ, ಆದರೆ ಅವನ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತಿತ್ತು, ಮಾತು ನಿಲ್ಲುತ್ತಿರಲಿಲ್ಲ. ಭಾಲ್ಕಿಯ ಸಂತೆಯಲ್ಲಿ ಎತ್ತು ಬಿಚ್ಚುವ ಮೊದಲೇ ಸುದ್ದಿ ಬಿಚ್ಚಿದ. ಅವನು ಹೇಳಿದ್ದು, ಅಡಿಗೆಯವಳು ಹೀಗೆ ಕೇಳಿದಳಂತೆ ಎಂದು. ಸಂತೆ ದಾಟುವಷ್ಟರಲ್ಲಿ ಅದು ಶಾಲುಬಾಯಿ ಒಪ್ಪಿಕೊಂಡಳಂತೆ ಎಂದಾಯಿತು. ಗಡಿಗೆಯ ಬಾಯಿಗೆ ಮುಚ್ಚಳ ಉಂಟು, ಊರ ಬಾಯಿಗೆ ಎಲ್ಲಿಯ ಮುಚ್ಚಳ? ಸಾವುಕಾರರ ಮನೆಗಳಿಂದ ಭರಣಿಗಳು ಅರ್ಧ ತಿಂದವು ತಿಂದ ಹಾಗೇ ವಾಪಸು ಬಂದವು. ಬಾವಿಯ ಹತ್ತಿರ ಶಾಲುಬಾಯಿ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿದು ನಿಂತರು. ಅಯ್ಯನವರೇ ಆ ಪಾಕ ತಿಂದಿದ್ದಾರೆ, ಮಠಕ್ಕೇ ಮೈಲಿಗೆಯಾಯಿತು ಎಂದು ಕೆಲವರಿಗೆ ನಿದ್ದೆ ಬರದಂತಾಯಿತು. ನಿನ್ನೆ ಮೊನ್ನೆಯವರೆಗೆ ಬಟ್ಟಲು ನೆಕ್ಕಿದವರೇ ಇವರೆಲ್ಲ.

ಇದನ್ನೆಲ್ಲ ಶಾಲುಬಾಯಿ ಹೇಗೋ ತಡೆದುಕೊಳ್ಳುತ್ತಿದ್ದಳು. ತಡೆಯಲಾಗದ್ದು ಮನೆಯೊಳಗೇ ನಡೆಯಿತು. ಗುರಮ್ಮ ಅವಳನ್ನು ಎದುರಿಗೆ ಕೂಡಿಸಿಕೊಂಡು ಕೇಳಿದಳು.

"ಏನ್ ಹಾಕ್ತಿದ್ದಿ ಶಾಲೂ? ಖರೇ ಹೇಳು."

"ಹಣ್ಣು, ಸಕ್ರಿ, ಲಿಂಬಿಹುಳಿ. ಇಷ್ಟೇ ಅತ್ತಿ."

"ಮತ್ತ ಬೀದರದಾಗ ಯಾಕ ನಿಲ್ಲಲಿಲ್ಲ?"

"ಗೊತ್ತಿಲ್ಲರಿ."

"ಮಾಡಿದಾಕಿಗೇ ಗೊತ್ತಿಲ್ಲಂದ್ರ ಯಾರಿಗೆ ಗೊತ್ತಿರಬೇಕು?"

ಗುರಮ್ಮ ಬೈಯಲಿಲ್ಲ, ಕೂಗಾಡಲಿಲ್ಲ. ಮರುದಿನ ಹಿತ್ತಲಿನಲ್ಲಿ ಬೇರೆ ಮೂರು ಕಲ್ಲು ಇಟ್ಟುಕೊಂಡು, ಒಂದು ಹೊಸ ಗಡಿಗೆ ತಂದು, ತನ್ನ ಗಂಜಿ ತಾನೇ ಬೇಯಿಸಿಕೊಂಡಳು. ಅಡಿಗೆಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಳು. ಒಲೆಗೆ ವಿಭೂತಿ ಹಚ್ಚುವುದೂ ನಿಂತಿತು. ಶಾಲುಬಾಯಿ ರೊಟ್ಟಿ ಬಡಿಯುತ್ತ ಕೂತರೆ ಹಿತ್ತಲಿನ ಹೊಗೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಊರಿಡೀ ನೀರು ಮುಟ್ಟದಿದ್ದರೂ ಚಿಂತೆಯಿಲ್ಲ, ಈ ಮುದುಕಿ ಒಮ್ಮೆ ನನ್ನ ಕೈಯಿಂದ ಉಂಡರೆ ಸಾಕು ಎಂದು ಅವಳಿಗೆ ಅನಿಸುತ್ತಿತ್ತು. ಅವ್ವನನ್ನು ಕಾಣದೆ ಬೆಳೆದವಳಿಗೆ ಅಡಿಗೆ ಕಲಿಸಿದ್ದು ಗುರಮ್ಮನೇ.

ಏನೇ ಆಗಲಿ, ಕಾರಣ ಹುಡುಕಿಯೇ ತೀರುತ್ತೇನೆಂದು ಶಾಲುಬಾಯಿ ಒಂದು ಬೆಳಿಗ್ಗೆ ತನ್ನ ಒಲೆಯ ಮೇಲೆಯೇ, ತನ್ನ ಪಾತ್ರೆಯಲ್ಲೇ ಮತ್ತೆ ಪಾಕ ಮಾಡಿದಳು. ಈ ಸಲ ನೀರಿಗೂ ಹೋಗಲಿಲ್ಲ, ಒಲೆಯ ಮುಂದಿನಿಂದ ಕದಲಲಿಲ್ಲ. ಪಾಕ ಮನೆಯಲ್ಲೂ ನಿಲ್ಲಲಿಲ್ಲ.

ಅವಳ ತಲೆ ಗಿರಕಿ ಹೊಡೆಯತೊಡಗಿತು. ಮೂರು ಸುಗ್ಗಿ ನಿಂತದ್ದು ಈಗ ಇಲ್ಲಿಯೂ ಯಾಕೆ ನಿಲ್ಲುವುದಿಲ್ಲ? ಹಿಂದೆ ತಾನೇ ಏನಾದರೂ ಹಾಕಿ ಮರೆತುಬಿಟ್ಟಿರಬಹುದೆ? ಸಕ್ಕರೆಯಲ್ಲಿ ಏನಾದರೂ ಬಂದಿತ್ತೆ? ಮಲ್ಮಲ್ ಬಟ್ಟೆಯಲ್ಲೇ ಏನಾದರೂ ಇತ್ತೆ? ಅದು ಬೇಗಂ ಕೊಟ್ಟ ಬಟ್ಟೆ. ಆ ಬಟ್ಟೆಯನ್ನು ಮೂಸಿ ನೋಡಿದಳು, ನೆನೆಸಿಟ್ಟು ನೀರನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಬಟ್ಟೆ ಬರೀ ಬಟ್ಟೆಯೇ ಆಗಿತ್ತು. ದಾಳಿಂಬೆ ಗಿಡದ ಬುಡದಲ್ಲಿ ಕೂತು ಹಣ್ಣನ್ನೇ ದಿಟ್ಟಿಸಿದಳು. ಕಡೆಗೆ ಅವಳಿಗೆ ಬಂದ ಯೋಚನೆ ಕೇಳಿದರೆ ಯಾರಿಗಾದರೂ ಕನಿಕರವಾದೀತು: ಜನ ಹೇಳುವುದೇ ನಿಜವಿರಬಹುದು, ನನಗೇ ಗೊತ್ತಿಲ್ಲದೆ ನಾನೇ ಹಾಕಿರಬಹುದು. ಸುಳ್ಳನ್ನು ಹತ್ತು ಬಾಯಲ್ಲಿ ಕೇಳಿದರೆ ನಮ್ಮ ನೆನಪೂ ನಮ್ಮನ್ನು ಬಿಟ್ಟು ಆ ಹತ್ತು ಜನರ ಜೊತೆ ಹೋಗಿ ನಿಲ್ಲುತ್ತದೆ.

ಅಷ್ಟರಲ್ಲಿ ಅಯ್ಯನವರು ಹೇಳಿಕಳಿಸಿದರು: ಸೋಮವಾರ ಬರುತ್ತೇನೆ, ಅಂಗಳದಲ್ಲಿ ಎಲ್ಲರ ಕಣ್ಣ ಮುಂದೆ ಪಾಕ ಮಾಡಲಿ. ಬೇರೆ ಏನೂ ಹಾಕದೆ ನಿಂತರೆ ಊರು ಬಾಯಿ ಮುಚ್ಚಲಿ. ನಿಲ್ಲದಿದ್ದರೆ ಮುಂದಿನದು ಮಠದಲ್ಲಿ ಮಾತಾಡೋಣ.

ವೈಜಿನಾಥ ಒಳ್ಳೆಯವನು, ಆದರೆ ಧೈರ್ಯಕ್ಕೂ ಅವನಿಗೂ ದೂರದ ನೆಂಟಸ್ತನ. ಮನೆಯಲ್ಲೂ ನಿಲ್ಲದ ಪಾಕವನ್ನು ಕಣ್ಣಾರೆ ಕಂಡಿದ್ದ ಅವನು ಹೆಂಡತಿಗೆ ಮೆಲ್ಲಗೆ ಹೇಳಿದ: "ಆರಾಮಿಲ್ಲಂತ ಹೇಳೂಣು. ಸ್ವಲ್ಪ ದಿನ ಔರಾದಕ್ಕ ಹೋಗಿಬಾ. ಜನಾ ಮರೀತಾರ."

"ನಾ ಹೋದ್ರ ಅವರು ಅಂದದ್ದು ಖರೇ ಆಗ್ತದ್ರಿ."

"ಇಲ್ಲೇ ಇದ್ದು ಮಾಡ್ತಿ, ನಿಲ್ಲಂಗಿಲ್ಲ. ಆಗ?"

"ಗೊತ್ತಿಲ್ಲರಿ," ಎಂದಳು. "ಮಾಡ್ತೇನಿ."

ಸೋಮವಾರ ಬಂತು. ಚಳಿಗಾಲದ ಬೆಳಗು. ಅಂಗಳದಲ್ಲಿ ಒಲೆ ಹೂಡಿದ್ದರು. ಅಯ್ಯನವರಿಗೆ ಕಂಬಳಿ ಹಾಸಿತ್ತು. ಭಾತಂಬ್ರಾದ ಜನ ಹೊಲದ ಕೆಲಸವಿದ್ದರೂ ಬಿಟ್ಟು ಬಂದಿದ್ದರು. ಬೇರೆಯವರ ಮಾನ ಹೋಗುವುದನ್ನು ನೋಡಲು ಯಾರಿಗೂ ಪುರುಸೊತ್ತಿಗೆ ಬರವಿಲ್ಲ. ಪಂಢರಿಯೂ ಬಂದು ಹಿಂದೆ ನಿಂತಿದ್ದ, ತಲೆ ತಗ್ಗಿಸಿಕೊಂಡು. ಗುರಮ್ಮ ಎಲ್ಲರಿಂದ ದೂರ, ಹಿತ್ತಲ ಬಾಗಿಲ ಹತ್ತಿರ ಪೂಜೆಗೆ ಕೂತಿದ್ದಳು.

ಶಾಲುಬಾಯಿ ಪಾತ್ರೆ ಬೋರಲು ಮಾಡಿ ಎಲ್ಲರಿಗೆ ತೋರಿಸಿದಳು. ಹಣ್ಣು ಒಡೆದಳು. ಕಾಳು ಜಜ್ಜಿ ಒಲೆಯ ಮೇಲಿಟ್ಟಳು. ಇವತ್ತು ಪಾಕದ ಬದಲು ನಾನೇ ನಡುಗುತ್ತೇನೆ ಎಂದುಕೊಂಡಳು. ರಸ ಕುದಿ ಹತ್ತಿತು. ಕೆಂಪು ನೊರೆ ಮೇಲೆದ್ದಿತು. ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು.

ಪೂಜೆ ಮುಗಿಸಿ ಗುರಮ್ಮ ಎದ್ದಳು. ಎಷ್ಟೋ ದಿನದಿಂದ ಒಲೆಯ ಹತ್ತಿರ ಸುಳಿಯದ ಮುದುಕಿ ಜನರ ನಡುವೆ ದಾರಿ ಮಾಡಿಕೊಂಡು ನೆಟ್ಟಗೆ ಒಲೆಗೆ ಬಂದು, ಕಲ್ಲಿಗೆ ವಿಭೂತಿ ಹಚ್ಚಿ, ಸೆರಗಿನಿಂದ ಒಡೆದ ಪತ್ರಿಕಾಯಿಯ ಹೋಳೊಂದನ್ನು ತೆಗೆದು, ಒಳಗಿನ ತಿರುಳನ್ನು ಹಿಡಿಯಷ್ಟು ಬಗೆದು ಕುದಿಯುವ ಪಾತ್ರೆಗೆ ಹಾಕಿಬಿಟ್ಟಳು. ಪತ್ರಿಕಾಯಿ ಎಂದರೆ ಬಿಲ್ವದ ಕಾಯಿ.

"ಏನವ್ವಾ ಅದು?" ಅಯ್ಯನವರು ಕಂಬಳಿಯಿಂದ ಅರ್ಧ ಎದ್ದರು.

"ಪ್ರಸಾದರಿ ಅಯ್ಯನೋರ. ಲಿಂಗಕ್ಕ ಮುಟ್ಟಿಸಿದ್ದು. ಇದು ಲಿಂಗ ಇಲ್ಲದ ಭವಿಗಳ ಮನ್ಯಾಗ ಕಲ್ತ ಅಡಿಗಿ. ಇದನ್ನ ಹಾಕದ ನಿಮ್ಮ ಬಾಯಿಗೆ ಹ್ಯಾಂಗ ಕೊಡ್ಲಿ?"

"ಮೊದಲೂ ಹಾಕ್ತಿದ್ದೀ ಏನು?"

"ಪ್ರತಿ ಸಲಾ ಹಾಕ್ತಿದ್ದೆನ್ರಿ. ಇಕಿ ನೀರಿಗೆ ಹೋದಾಗ, ವಿಭೂತಿ ಹಚ್ಚಾಕ ಬಂದು ಹಾಕಿ ಹೋಗ್ತಿದ್ದೆ. ಪತ್ರಿ ಎಲಿ ಹಾಕಿದ್ರ ಕಣ್ಣಿಗಿ ಬೀಳ್ತಿತ್ತು. ತಿರುಳು ಬೀಜದಾಗ ಕೂಡಿ ಹೋಗ್ತಿತ್ತು. ಇದರಾಗ ಎಲುಬಿನ ಅಂಟು ಬಿತ್ತಂತ ಸುದ್ದಿ ಆದ ಮ್ಯಾಲ ಪ್ರಸಾದ ಹ್ಯಾಂಗ ಹಾಕ್ಲಿ? ಬಿಟ್ಟುಬಿಟ್ಟೆ. ಇವತ್ತ ಪಾತ್ರಿ ಖಾಲಿ ಇದ್ದದ್ದು ಕಣ್ಣಲೆ ನೋಡೇನಿ. ಹಾಕಿದೆ."

ಅಂಗಳದಲ್ಲಿ ಗುಸುಗುಸು ಎದ್ದಿತು. ಶಾಲುಬಾಯಿ ಸೌಟು ಹಿಡಿದು ಹಾಗೇ ನಿಂತಳು. ಅವಳಿಗೆ ಮೊದಲು ಏನೂ ತಿಳಿಯಲಿಲ್ಲ. ಸೋಸುವಾಗ ಬಟ್ಟೆಯೊಳಗಿನ ಬೀಜದ ಮುದ್ದೆ ಕೈಗೆ ಅಂಟಿ, ಬೆರಳಿನಿಂದ ಬೆರಳಿಗೆ ಎಳೆ ಎಳೆಯಾಗಿ ಬಂತು. ಬೀದರಿನಲ್ಲಿ, ಮೊನ್ನೆ ಮನೆಯಲ್ಲಿ ಅದು ಹೀಗೆ ಬಂದಿರಲಿಲ್ಲ. ಆಗಲೇ ಪಂಢರಿ ಹಿಂದಿನಿಂದ ಕೂಗಿದ: "ಅಯ್ಯ, ಪತ್ರಿಕಾಯಿ ಅಂಟಲೇನೇ ನಾವು ಸಣ್ಣಾವರಿದ್ದಾಗ ಹಾರಸೋ ಪತಂಗದ ಕಾಗದ ಅಂಟಸ್ತಿದ್ವಿ!" ಹೌದಲ್ಲ ಎಂದರು ನಾಲ್ಕು ಜನ. ಎಲ್ಲರಿಗೂ ಗೊತ್ತಿದ್ದದ್ದೇ, ಯಾರಿಗೂ ಹೊಳೆದಿರಲಿಲ್ಲ. ಪಂಢರಿ ಇಷ್ಟು ದಿನದಲ್ಲಿ ಆಡಿದ ಉಪಯೋಗದ ಮಾತು ಇದೊಂದೇ.

ರಸ ತೊಟ್ಟಿಕ್ಕಬೇಕು, ಕುದಿಯಬೇಕು, ಆರಬೇಕು. ಅಯ್ಯನವರು ಬೇರೆಯವರ ಮನೆಯಲ್ಲಿ ಊಟ ಮಾಡಿ ಒಂದು ನಿದ್ದೆ ತೆಗೆದು ಬಂದರು. ಹೊತ್ತು ಇಳಿಯುವ ವೇಳೆಗೆ ಪಾಕ ನಿಂತಿತ್ತು. ಅವರು ಬಟ್ಟಲು ಅಲುಗಾಡಿಸಿದರು. ಅದು ಗಡಗಡ ನಡುಗಿತು. ಒಂದು ಚಮಚ ಬಾಯಿಗಿಟ್ಟು, ಎಲ್ಲರ ಕಡೆ ತಿರುಗಿ, "ಶಿವನ ಪತ್ರಿ ನಿಲ್ಲಿಸ್ಯಾದ. ಗುರಮ್ಮನ ಪೂಜಾ ದೊಡ್ಡದು" ಎಂದರು. ಜನ ಕೈ ಮುಗಿದರು. ಬಟ್ಟಲುಗಳು ಕೈಯಿಂದ ಕೈಗೆ ಹೋದವು. ಸರಿದು ನಿಂತಿದ್ದ ಹೆಂಗಸರೇ ಮೊದಲು ಕೈ ಚಾಚಿದರು. ಶಾಲುಬಾಯಿಗೆ ಯಾರೂ ಏನೂ ಹೇಳಲಿಲ್ಲ. ಹುಡುಗಿಯ ಕೈಗುಣದ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಆಮೇಲೆ ಈ ಸಂಗತಿ ಬೀದರಿಗೂ ಮುಟ್ಟಿತು. ತನಗೆ ತಿಳಿಯದೆ ಇಷ್ಟು ದಿನ ಶಿವನ ಪ್ರಸಾದ ತಿಂದಿದ್ದೇನೆಂದು ಕೇಳಿ ಮುನವ್ವರ ಬೇಗಂ, "ನಾನು ಬಿಸ್ಮಿಲ್ಲಾ ಹೇಳಿಯೇ ತಿಂದೇನಿ. ಅವರವರದು ಅವರವರು ನೋಡ್ಕೊಳ್ಳಲಿ. ಮುಂದಿನ ಸಲ ಆ ಕಾಯಿ ಎರಡು ಕಳಿಸು" ಎಂದಳಂತೆ. ಕುಲಸುಮಬೀ ತನ್ನ ನಾಲಿಗೆ ತಾನೇ ಕಚ್ಚಿಕೊಂಡಳಂತೆ. ಮುಂದೆ ಶಾಲುಬಾಯಿ ಮುದುಕಿಯಾಗುವವರೆಗೆ ಆ ಪಾಕ ಮಾಡಿದಳು, ಕೇಳಿದವರಿಗೆಲ್ಲ ಪತ್ರಿಕಾಯಿಯ ಗುಟ್ಟು ಹೇಳಿಕೊಟ್ಟಳು. ಇವೆಲ್ಲ ಆಮೇಲಿನ ಮಾತು.

ಆ ಸೋಮವಾರ ಜನ ಚೆದುರಿದ ಮೇಲೆ ಅಂಗಳದಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಶಾಲುಬಾಯಿ ಪಾತ್ರೆ ತಿಕ್ಕುತ್ತಿದ್ದಳು. ಮಾನ ಉಳಿಯಿತು, ಸಂತೋಷವಾಗಬೇಕಿತ್ತು. ಆಗಲಿಲ್ಲ. ಮೂರು ಸುಗ್ಗಿ ತಾನು ಕೊಡ ಹೊತ್ತು ಬಾವಿಗೆ ಹೋದಾಗಲೆಲ್ಲ ಈ ಮುದುಕಿ ಪ್ರಸಾದ ಹಾಕಿ ಸೊಸೆಯ ಅಡಿಗೆಯನ್ನು ಶುದ್ಧ ಮಾಡುತ್ತಿದ್ದಳು. ಇವಳಿಂದಲೇ ಗೆದ್ದೆ, ಇವಳಿಂದಲೇ ಸೋತೆ, ಇವತ್ತು ಇವಳಿಂದಲೇ ಉಳಿದೆ. ಕಾಲಿಗೆ ಬೀಳಬೇಕೋ ಜಗಳ ತೆಗೆಯಬೇಕೋ ಅವಳಿಗೆ ತಿಳಿಯಲಿಲ್ಲ.

ಗುರಮ್ಮ ಹತ್ತಿರ ಬಂದು ಕಟ್ಟೆಯ ಮೇಲೆ ಕೂತಳು.

"ತಾ, ನನಗೂ ಒಂದೀಟು ಹಾಕು. ಈಗ ಏನೂ ಸಂಶಯ ಉಳೀಲಿಲ್ಲ."

ಇದೇ ಮಾತಿಗಾಗಿ ಶಾಲುಬಾಯಿ ಎಷ್ಟು ದಿನದಿಂದ ಕಾದಿದ್ದಳು! ಕೈ ತಾನಾಗಿ ಬಟ್ಟಲಿಗೆ ಹೋಯಿತು. ಹೋಗಿ, ಅಲ್ಲೇ ನಿಂತಿತು.

"ಅತ್ತಿ, ಒಂದ್ ಮಾತ್ ಕೇಳ್ತೇನಿ. ಸಿಟ್ಟಿಗೇಳಬ್ಯಾಡ್ರಿ. ಇದನ್ನ ಯಾಕ ತಿಂತೀರಿ? ನನ್ನ ಕೈ ಶುದ್ಧ ಅದ ಅಂತ ತಿಂತೀರೋ, ನಿಮ್ಮ ಪ್ರಸಾದ ಬಿದ್ದದ ಅಂತ ತಿಂತೀರೋ?"

"ಎರಡೂ ಒಂದೇ ಅಲ್ಲೇನು?"

"ಒಂದೇ ಅಲ್ರಿ."

ಶಾಲುಬಾಯಿ ಒಳಗೆ ಹೋಗಿ ಒಂದು ಭರಣಿ ತಂದಳು. ಬಟ್ಟಲಿಗೆ ಬಗ್ಗಿಸಿದಾಗ ನೀರಿನಂತೆ ಸುರಿಯಿತು.

"ಇದು ನೀವು ಒಳಗ ಬರೋದು ಬಿಟ್ಟ ಮ್ಯಾಲ ಮಾಡಿದ್ದು. ನಿಂತಿಲ್ಲ. ಇದರಾಗ ನೀವು ಏನೂ ಹಾಕಿಲ್ಲ. ಹಣ್ಣು, ಸಕ್ರಿ, ಲಿಂಬಿಹುಳಿ, ನನ್ನ ಕೈ. ತಿನ್ನೋದಿದ್ರ ಇದನ್ನ ತಿನ್ರಿ. ಇಲ್ಲಂದ್ರ ಅದೂ ಬ್ಯಾಡ."

ಮದುವೆಯಾಗಿ ಬಂದಂದಿನಿಂದ ಅತ್ತೆಗೆ ಹೀಗೆ ಎದುರಾಡಿದ್ದು ಇದೇ ಮೊದಲು. ಮಾತು ಮುಗಿದ ಮೇಲೆ ಅವಳ ಕಣ್ಣು ತುಂಬಿತು, ಆದರೆ ಬಟ್ಟಲು ಹಿಡಿದ ಕೈಯನ್ನು ಹಿಂದೆ ತೆಗೆಯಲಿಲ್ಲ.

ಗುರಮ್ಮ ಬಟ್ಟಲನ್ನೇ ನೋಡಿದಳು. ಸೊಸೆಯ ಮುಖ ನೋಡಿದಳು. ಅವಳ ಸೆರಗಿನಲ್ಲಿ ಇನ್ನರ್ಧ ಪತ್ರಿಕಾಯಿ ಇತ್ತು. ಅದರ ಕಡೆ ಕೈ ಹೋಗಲಿಲ್ಲ. ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿ ಹಿಡಿದು, ದಿನವೂ ರೊಟ್ಟಿಯನ್ನು ತೋರಿಸುತ್ತಿದ್ದ ಹಾಗೆಯೇ ಬಟ್ಟಲನ್ನು ಅದಕ್ಕೆ ತೋರಿಸಿದಳು. ಆಮೇಲೆ ಎತ್ತಿ ಒಂದೇ ಗುಟುಕಿಗೆ ಕುಡಿದಳು.

"ಸಕ್ರಿ ಹೆಚ್ಚಾಗೇದ," ಎಂದು ಹೇಳಿ ಖಾಲಿ ಬಟ್ಟಲನ್ನು ಮತ್ತೆ ಮುಂದೆ ಹಿಡಿದಳು.

ಶಾಲುಬಾಯಿಗೆ ಸಿಟ್ಟೂ ಬಂತು, ಅಳುವೂ ಬಂತು. ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ಅವಳು ಬಟ್ಟಲು ತುಂಬಿಸಿದಳು.